ಸಿಂಗಾಪುರದಲ್ಲಿ ನೋಡಬೇಕಾದ ಸ್ಥಳಗಳು, ಮತ್ತು ನಾನು ಅರ್ಧಕ್ಕೆ ಬಿಟ್ಟ ಒಂದು ಪಾಠ

ಸಿಂಗಾಪುರದಿಂದ ಮರಳಿ ಎರಡು ತಿಂಗಳಾದವು. ಅಂದಿನಿಂದ ಪೇಟೆಯಲ್ಲಿ ಸಿಕ್ಕಿದವರೆಲ್ಲ ಕೇಳುವ ಪ್ರಶ್ನೆ ಒಂದೇ: "ಮಾಷ್ಟ್ರೇ, ಅಲ್ಲಿ ಏನೇನು ನೋಡಿದಿರಿ?" ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಬರುವ ರಜೆಯಲ್ಲಿ ಅಲ್ಲಿಗೆ ಹೊರಡುವವರಿದ್ದಾರೆ. ಅವರಿಗೆ ಒಂದು ಪಟ್ಟಿಯೇ ಬೇಕಂತೆ. ಆದ್ದರಿಂದ ಪಟ್ಟಿಯ ಋಣವನ್ನು ಮೊದಲು ತೀರಿಸಿ, ಅನಂತರ ನಾನು ನಿಜವಾಗಿ ಹೇಳಬೇಕೆಂದಿರುವ ಸಂಗತಿಗೆ ಬರುತ್ತೇನೆ.

ಎಲ್ಲರೂ ಮೊದಲು ಹೋಗುವುದು ಮೆರ್ಲಯನ್ ಬಳಿಗೆ. ಸಿಂಹದ ತಲೆ, ಮೀನಿನ ದೇಹ. ನಮ್ಮ ಮತ್ಸ್ಯಾವತಾರವನ್ನೂ ನರಸಿಂಹಾವತಾರವನ್ನೂ ಒಂದೇ ಮೂರ್ತಿಯಲ್ಲಿ ಕೂಡಿಸಿದಂತೆ ನನಗೆ ತೋರಿತು. ಅದು ಪುರಾಣದಿಂದ ಬಂದದ್ದಲ್ಲ. 1964ರಲ್ಲಿ ಪ್ರವಾಸೋದ್ಯಮ ಮಂಡಳಿಯ ಲಾಂಛನಕ್ಕಾಗಿ ಫ್ರೇಸರ್ ಬ್ರನ್ನರ್ ಎಂಬವರು ರಚಿಸಿದ ಚಿತ್ರ. ಲಿಮ್ ನಾಂಗ್ ಸೆಂಗ್ ಎಂಬ ಶಿಲ್ಪಿ ಅದಕ್ಕೆ ಮೂರ್ತಿರೂಪ ಕೊಟ್ಟು, 1972ರಲ್ಲಿ ನದಿಯ ಮುಖದಲ್ಲಿ ನಿಲ್ಲಿಸಲಾಯಿತು. ಮುಂದೆ ಒಂದು ಸೇತುವೆ ಎದ್ದು ಎದುರಿನ ನೋಟ ಮುಚ್ಚಿಹೋದಾಗ, 2002ರಲ್ಲಿ ಮೂರ್ತಿಯನ್ನೇ ಎತ್ತಿ ಈಗಿನ ಸ್ಥಳಕ್ಕೆ ಒಯ್ದರು. ಅದರ ಎದುರು ದಡದಲ್ಲಿ ಮೂರು ಗೋಪುರಗಳ ನೆತ್ತಿಯ ಮೇಲೆ ಹಡಗನ್ನು ಹೊತ್ತಂತಿರುವ ಮರೀನಾ ಬೇ ಸ್ಯಾಂಡ್ಸ್ ಹೋಟೆಲು (2010), ಅದರ ಹಿಂದೆ ಉಕ್ಕಿನ ಮಹಾವೃಕ್ಷಗಳ ಉದ್ಯಾನ (2012). ರಾತ್ರಿ ಅಲ್ಲಿಯ ದೀಪಗಳನ್ನು ಕಂಡು ಮೊಮ್ಮಗ ಕುಣಿದ. ನಾನೂ ಬಾಯಿ ತೆರೆದು ನೋಡಿದೆನೆಂದು ಒಪ್ಪಿಕೊಳ್ಳುತ್ತೇನೆ.

ಹಳೆಯ ಸಸ್ಯೋದ್ಯಾನವನ್ನು ಮಾತ್ರ ಬಿಡಬೇಡಿ. 1859ರಲ್ಲಿ ಸ್ಥಾಪನೆಯಾದ ಅದು 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಮ್ಮ ಸುಳ್ಯದ ಕಡೆಯವರಿಗೆ ಅದರೊಡನೆ ನೆಂಟಸ್ತಿಕೆ ಇದೆ. ರಬ್ಬರ್ ಮರವನ್ನು ಸಾಯಿಸದೆ, ತೊಗಟೆಯಲ್ಲಿ ಓರೆಯಾಗಿ ಗೀರಿ ದಿನವೂ ಹಾಲು ತೆಗೆಯುವ ಕ್ರಮವನ್ನು ಅಲ್ಲಿಯ ನಿರ್ದೇಶಕನಾಗಿದ್ದ ಹೆನ್ರಿ ರಿಡ್ಲಿ ರೂಢಿಸಿದ. ಬೆಳಗಿನ ಜಾವ ತಲೆಗೆ ದೀಪ ಕಟ್ಟಿಕೊಂಡು ಟ್ಯಾಪಿಂಗಿಗೆ ಹೋಗುವ ನಮ್ಮ ಜನ ಇಂದಿಗೂ ಅವನ ಶಿಷ್ಯರೇ.

ಪಟ್ಟಿ ಇಲ್ಲಿಗೆ ಸಾಕು.

ನಾಲ್ಕನೆಯ ದಿನ ಮಳೆ. ಮಗಳು ಹೇಳಿದಳು: "ಅಪ್ಪ, ಇವತ್ತು ದೂರ ಬೇಡ. ಸಿಟಿ ಹಾಲ್ ಸ್ಟೇಷನ್ ಪಕ್ಕದಲ್ಲೇ ಒಂದು ಹಳೆಯ ಚರ್ಚ್ ಇದೆ, ಅದನ್ನು ನೋಡಿ ಬರೋಣ." ಹೀಗೆ ಸೇಂಟ್ ಆಂಡ್ರ್ಯೂಸ್ ಕೆಥೀಡ್ರಲಿಗೆ ಹೋದೆವು. ಹಸುರು ಹುಲ್ಲಿನ ನಡುವೆ ಅಚ್ಚ ಬಿಳಿಯ ಕಟ್ಟಡ, ಚೂಪಾದ ಗೋಪುರ. ಇಂಗ್ಲೆಂಡಿನ ಯಾವುದೋ ಹಳ್ಳಿಯಿಂದ ಎತ್ತಿ ತಂದಿಟ್ಟಂತಿದೆ. ಸಿಡಿಲಿನ ಪೆಟ್ಟು ತಿಂದ ಹಳೆಯ ಚರ್ಚನ್ನು ಕೆಡವಿ, 1856ರಲ್ಲಿ ಅಡಿಗಲ್ಲು ಹಾಕಿ, 1861ರ ಹೊತ್ತಿಗೆ ಕಟ್ಟಿ ಮುಗಿಸಿದರು. ಯೋಜನೆ ರೊನಾಲ್ಡ್ ಮ್ಯಾಕ್‌ಫರ್ಸನ್ ಎಂಬ ಸೇನಾಧಿಕಾರಿಯದು. ಕೆಲಸ ಮಾಡಿದವರು ಭಾರತದಿಂದ ಗಡೀಪಾರಾಗಿ ಬಂದ ಕೈದಿಗಳು.

ಅದರ ಗೋಡೆಗೆ ಬಳಿದ ಗಾರೆಯ ವಿವರ ಉಳಿದು ಬಂದಿದೆ. ಚಿಪ್ಪಿನ ಸುಣ್ಣ, ಮೊಟ್ಟೆಯ ಬಿಳಿ ಲೋಳೆ, ಒರಟು ಸಕ್ಕರೆ. ಇವನ್ನು ಅರೆದು ನುಣ್ಣಗೆ ಮಾಡಿ, ತೆಂಗಿನ ಸಿಪ್ಪೆ ನೆನೆಹಾಕಿದ ನೀರಿನಲ್ಲಿ ಕಲಸಿ ಬಳಿಯುವುದು, ಒಣಗಿದ ಮೇಲೆ ಸ್ಫಟಿಕದ ಕಲ್ಲಿನಿಂದ ಉಜ್ಜಿ ಹೊಳಪೇರಿಸುವುದು. ಇದಕ್ಕೆ ಆಂಗ್ಲರು 'ಮದರಾಸ್ ಚುನಾಮ್' ಎಂದು ಹೆಸರಿಟ್ಟರು. ಮೊಮ್ಮಗನಿಗೆ ಮೊಟ್ಟೆಯ ಗೋಡೆ ಎಂದರೆ ನಗು. ನನಗೆ ನಗು ಬರಲಿಲ್ಲ. ನನ್ನ ಅಜ್ಜನ ಮನೆಯ ಚಾವಡಿಯ ಕಂಬಕ್ಕೆ ಚಿಪ್ಪಿನ ಸುಣ್ಣಕ್ಕೆ ಬೆಲ್ಲದ ನೀರು ಕೂಡಿಸಿ ಗಾರೆ ಮಾಡಿದ್ದರೆಂದು ಅಜ್ಜಿ ಹೇಳುತ್ತಿದ್ದರು. ಮದರಾಸಿನದೆಂದು ಹೆಸರು ಬಂದರೂ ಕರಾವಳಿಯವರಾದ ನಮಗೆ ಅದು ಅಪರಿಚಿತ ಕೈಕೆಲಸವಲ್ಲ.

ಅಲ್ಲಿ ಒಂದು ಬೆಂಚಿನ ಮೇಲೆ ಕುಳಿತಾಗ ನನಗೆ ಹಲವು ವರ್ಷಗಳ ಹಿಂದಿನ ಎಂಟನೆಯ ತರಗತಿ ನೆನಪಾಯಿತು.

ನನ್ನಲ್ಲಿ ಕಲಿತವರಿಗೆಲ್ಲ ಗೊತ್ತು, ಪಠ್ಯಪುಸ್ತಕದಲ್ಲಿ ಇರಲಿ ಬಿಡಲಿ, 1837ರ ಅಮರ ಸುಳ್ಯದ ದಂಗೆಯನ್ನು ನಾನು ಹೇಳದೆ ಬಿಡುತ್ತಿರಲಿಲ್ಲ. 1834ರಲ್ಲಿ ಕೊಡಗು ಕಂಪನಿಯ ವಶವಾದದ್ದು, ಅಮರ ಸುಳ್ಯ ಮತ್ತು ಪುತ್ತೂರು ಸೀಮೆಯನ್ನು ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿದ್ದು, ಅದುವರೆಗೆ ಬೆಳೆಯ ರೂಪದಲ್ಲಿ ತೆರುತ್ತಿದ್ದ ಕಂದಾಯವನ್ನು ನಗದಾಗಿ ಕೊಡಬೇಕೆಂದಾಗ ರೈತ ಸಾಹುಕಾರನ ಕೈಗೆ ಬಿದ್ದದ್ದು, ಬೆಳ್ಳಾರೆಯ ಖಜಾನೆ, ಮಂಗಳೂರಿಗೆ ನಡೆದ ದಂಡು, ಏಪ್ರಿಲ್ ತಿಂಗಳಲ್ಲಿ ಸುಮಾರು ಎರಡು ವಾರ ಮಂಗಳೂರು ಬಂಡಾಯಗಾರರ ಕೈಯಲ್ಲಿದ್ದದ್ದು: ಇದೆಲ್ಲವನ್ನೂ ಕೈಕಾಲು ಆಡಿಸಿ ಹೇಳುತ್ತಿದ್ದೆ. ಜನ ಅದನ್ನು 'ಕಲ್ಯಾಣಪ್ಪನ ಕಾಟಕಾಯಿ' ಎಂದು ಹಗುರವಾಗಿ ಕರೆದರೆ ನನಗೆ ಸಿಟ್ಟು ಬರುತ್ತಿತ್ತು. ಕೊನೆಯಲ್ಲಿ ಧ್ವನಿ ಇಳಿಸಿ, "ಮುಖಂಡರನ್ನು ಗಲ್ಲಿಗೇರಿಸಿದರು, ಕೆಲವರನ್ನು ಸಿಂಗಾಪುರಕ್ಕೆ ಗಡೀಪಾರು ಮಾಡಿದರು" ಎಂದು ಹೇಳಿ ಪುಸ್ತಕ ಮುಚ್ಚುತ್ತಿದ್ದೆ.

ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: "ಸಾರ್, ಸಿಂಗಾಪುರದಲ್ಲಿ ಅವರು ಏನು ಮಾಡಿದರು?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳಬಹುದಿತ್ತು. ಅದನ್ನು ಬಿಟ್ಟು, "ಅದು ಪರೀಕ್ಷೆಗೆ ಇಲ್ಲ, ಕೂತುಕೋ" ಎಂದೆ. ಹುಡುಗ ಕುಳಿತ. ತರಗತಿ ನಕ್ಕಿತು.

ಬಿ.ಎಡ್. ತರಬೇತಿಯಲ್ಲಿ ನಮಗೆ ಪ್ರಶ್ನೆ ಕೇಳುವ ಕಲೆಯನ್ನು ಕಲಿಸಿದ್ದರು. ಉತ್ತರ ತಿಳಿಯದಾಗ ನಡೆದುಕೊಳ್ಳುವ ಬಗೆಯನ್ನು ಕಲಿಸಿದ ನೆನಪಿಲ್ಲ. ಅದೇನೇ ಇರಲಿ, ಆ ಪ್ರಶ್ನೆಗೆ ಈಗ, ತಡವಾಗಿ, ನನಗೆ ತಿಳಿದುಬಂದಷ್ಟನ್ನು ಬರೆಯುತ್ತೇನೆ.

ಕರಿನೀರು ಎಂದರೆ ನಮಗೆ ಅಂಡಮಾನ್ ಮಾತ್ರ ನೆನಪಾಗುತ್ತದೆ. ನಾನೂ ಹಾಗೆಯೇ ಕಲಿಸಿದ್ದೇನೆ. ಆದರೆ ಅಂಡಮಾನಿನ ವಸಾಹತು ಆರಂಭವಾದದ್ದು 1858ರಲ್ಲಿ. ಅದಕ್ಕೆ ಮೊದಲು ಕಂಪನಿ ಸರಕಾರ ತನ್ನ ಕೈದಿಗಳನ್ನು ಸುಮಾತ್ರಾದ ಬೆಂಕೂಲನ್, ಪೆನಾಂಗ್, ಮಲಾಕಾ, ಸಿಂಗಾಪುರಗಳಿಗೆ ಸಾಗಿಸುತ್ತಿತ್ತು. ರಾಫಲ್ಸ್ ಸಿಂಗಾಪುರದಲ್ಲಿ ಇಳಿದದ್ದು 1819ರ ಜನವರಿಯಲ್ಲಿ. 1824ರ ಒಪ್ಪಂದದಂತೆ ಬೆಂಕೂಲನ್ ಡಚ್ಚರ ಪಾಲಾದಾಗ, ಅಲ್ಲಿದ್ದ ಮದರಾಸು ಮತ್ತು ಬಂಗಾಳದ ಕೈದಿಗಳನ್ನು 1825ರಲ್ಲಿ ಸಿಂಗಾಪುರಕ್ಕೆ ತಂದರು. ಪಟ್ಟಣ ಹುಟ್ಟಿ ಆಗಿನ್ನೂ ಆರು ವರ್ಷ. ಸುತ್ತ ಕಾಡು, ಕೆಸರು, ಹುಲಿ. ಕೂಲಿಗೆ ಜನ ದುಬಾರಿ. ಕೈದಿಗೆ ಅನ್ನ, ಬಟ್ಟೆ, ಕಾಲಿಗೆ ಸಂಕೋಲೆ ಇಷ್ಟಿದ್ದರೆ ಸಾಕು.

ನಮ್ಮ ಸುಳ್ಯ ಸೀಮೆಯವರು ಗಡೀಪಾರಾದ ಕಾಲಕ್ಕೆ ಅಲ್ಲಿಯ ಕಾಮಗಾರಿಗಳ ಮೇಲ್ವಿಚಾರಕ ಜಾರ್ಜ್ ಕೋಲ್ಮನ್ ಎಂಬ ಐರಿಷ್ ವಾಸ್ತುಶಿಲ್ಪಿ. ಕೈದಿಗಳ ದುಡಿಮೆಯ ಉಸ್ತುವಾರಿಯೂ ಅವನದೇ. ಇಂದು ಬಸ್ಸಿನಲ್ಲಿ ಕುಳಿತು ನಾವು ಹಾದುಹೋಗುವ ನಾರ್ತ್ ಬ್ರಿಡ್ಜ್ ರಸ್ತೆ, ಸೌತ್ ಬ್ರಿಡ್ಜ್ ರಸ್ತೆಗಳು ಆ ದಶಕದಲ್ಲಿ ಕೈದಿಗಳು ಹಾಕಿದವು. ಕಾಡು ಕಡಿದು, ಜೌಗು ತುಂಬಿಸಿ, ಕಲ್ಲು ಒಡೆದು ದಾರಿ ಮಾಡಿದರು. ಅಲ್ಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿ ಒಂದು ಪ್ರಸಿದ್ಧ ಮುದ್ರಣಚಿತ್ರವಿದೆ. 1835ರಲ್ಲಿ ಕೋಲ್ಮನ್ ರಸ್ತೆಯ ಅಳತೆ ಮಾಡುತ್ತಿದ್ದಾಗ ಹುಲಿಯೊಂದು ನೆಗೆದು ಬರುವ ದೃಶ್ಯ. ಹುಲಿ ಅಳತೆಯ ಯಂತ್ರದ ಮೇಲೆ ಬಿತ್ತೇ ಹೊರತು ಯಾರಿಗೂ ಅಪಾಯವಾಗಲಿಲ್ಲವಂತೆ. ಚಿತ್ರದಲ್ಲಿ ಎಲ್ಲರ ಕಣ್ಣು ಹೋಗುವುದು ಹುಲಿಯ ಕಡೆಗೆ. ಚೆಲ್ಲಾಪಿಲ್ಲಿಯಾಗಿ ಬೀಳುತ್ತಿರುವ ಆಳುಗಳು ಭಾರತೀಯ ಕೈದಿಗಳು. ಇಪ್ಪತ್ತೈದು ವರ್ಷ ಕಳೆಯುವ ಹೊತ್ತಿಗೆ ಹುಲಿ ಬೇಟೆಗೆಂದೇ ಕೈದಿಗಳ ತಂಡಗಳನ್ನು ಸರಕಾರ ಕಾಡಿಗೆ ಕಳುಹಿಸುತ್ತಿತ್ತು.

ಜೀವಾವಧಿ ಶಿಕ್ಷೆಯವರ ಹಣೆಯ ಮೇಲೆ ಅವರ ಅಪರಾಧವನ್ನು ಹಚ್ಚೆಯಾಗಿ ಕೊರೆಯುವ ಪದ್ಧತಿಯಿತ್ತು. 1849ರಲ್ಲಿ ಅದು ರದ್ದಾಯಿತು. ಕೊರೆಸಿಕೊಂಡವರ ಹಣೆಯಿಂದ ಅಳಿಯಲಿಲ್ಲ. ಇನ್ನೊಂದು ಕಡೆ, ಅಲ್ಲಿಯ ಸೆರೆಮನೆ ವ್ಯವಸ್ಥೆ ವಿಚಿತ್ರವಾದದ್ದು. ಕೈದಿಗಳಿಗೆ ಆರು ದರ್ಜೆಗಳು. ಒಳ್ಳೆಯ ನಡತೆಯವನ ಸಂಕೋಲೆ ಕಳಚುತ್ತಿತ್ತು. ಇನ್ನೂ ಮೇಲೇರಿದರೆ ಅವನೇ ಉಳಿದ ಕೈದಿಗಳ ಕಾವಲುಗಾರ. ಹೀಗೆ ಮೇಸ್ತ್ರಿಯಾದವನಿಗೆ 'ಟಿಂಡಾಲ್' ಎಂಬ ಹೆಸರು; ನಮ್ಮ ಕಡಲತೀರದ ತಂಡೇಲನೇ ಅಲ್ಲಿ ಸೆರೆಮನೆಯೊಳಗೆ ಕಾಣಿಸಿಕೊಂಡಿದ್ದಾನೆ. ಆ ಸೆರೆಮನೆಯ ಅಧಿಕಾರಿಯಾಗಿದ್ದ ಮ್ಯಾಕ್‌ನೇರ್ ತಾನು 1899ರಲ್ಲಿ ಪ್ರಕಟಿಸಿದ ಪುಸ್ತಕಕ್ಕೆ 'ಕೈದಿಗಳೇ ತಮ್ಮ ಕಾವಲುಗಾರರು' ಎಂಬರ್ಥದ ಹೆಸರನ್ನೇ ಇಟ್ಟ. ಇಟ್ಟಿಗೆ ಸುಡುವುದು, ಬಡಗಿ, ಕಮ್ಮಾರಿಕೆ, ಮುದ್ರಣ, ಕಡೆಗೆ ಛಾಯಾಗ್ರಹಣವನ್ನು ಕೂಡ ಕಲಿತವರಿದ್ದರು. ಮ್ಯಾಕ್‌ನೇರ್ ಇದನ್ನು ಹೆಮ್ಮೆಯಿಂದ ಹೇಳುತ್ತಾನೆ. ಆ ಹೆಮ್ಮೆಯನ್ನು ಪೂರ್ತಿ ಒಪ್ಪಲು ನನಗೆ ಮನಸ್ಸಾಗುವುದಿಲ್ಲ. ಬಿಟ್ಟಿ ದುಡಿಮೆಯಿಂದ ಊರು ಕಟ್ಟಿಸಿಕೊಂಡವನು ದುಡಿದವನಿಗೆ ಕಸಬು ಕಲಿಸಿದೆನೆಂದು ಬೆನ್ನು ತಟ್ಟಿಕೊಳ್ಳುವುದು ಸುಲಭ.

1857ರಲ್ಲಿ ಉತ್ತರ ಭಾರತ ಹೊತ್ತಿ ಉರಿದಾಗ ಸಿಂಗಾಪುರದ ಐರೋಪ್ಯ ವರ್ತಕರು ಹೆದರಿದರು. ಇನ್ನು ಕೈದಿಗಳನ್ನು, ಅದರಲ್ಲೂ ಬಂಡೆದ್ದ ಸಿಪಾಯಿಗಳನ್ನು ಇಲ್ಲಿಗೆ ತರಬೇಡಿ ಎಂದು ಕೂಗೆಬ್ಬಿಸಿದರು. ಬಂಡಾಯದ ಕೈದಿಗಳಿಗೆ ಬೇರೆ ದ್ವೀಪ ಬೇಕಾಯಿತು. ಅಂಡಮಾನಿನ ಹುಟ್ಟು ಇದರಲ್ಲಿದೆ. ಸಿಂಗಾಪುರದ ಕೈದಿ ವಸಾಹತನ್ನು 1873ರಲ್ಲಿ ಮುಚ್ಚಿ, ಶಿಕ್ಷೆ ಉಳಿದಿದ್ದವರನ್ನು ಅಂಡಮಾನಿಗೇ ಸಾಗಿಸಿದರು. ಬಿಡುಗಡೆಯಾದವರಲ್ಲಿ ಅನೇಕರು ಅಲ್ಲಿಯೇ ನೆಲೆಸಿ, ಗಾಡಿ ಹೊಡೆದು, ದನ ಸಾಕಿ, ಅಲ್ಲಿಯ ಹೆಣ್ಣುಗಳನ್ನು ಮದುವೆಯಾಗಿ ಆ ಊರಿನ ಜನರಲ್ಲಿ ಬೆರೆತುಹೋದರು.

ಇದನ್ನೆಲ್ಲ ತಿಳಿದ ಮೇಲೆ ಉಳಿದ ದಿನಗಳಲ್ಲಿ ನಾನು ನೋಡಿದ ಪ್ರತಿಯೊಂದು 'ಪ್ರೇಕ್ಷಣೀಯ ಸ್ಥಳ'ವೂ ಬೇರೆಯಾಗಿ ಕಂಡಿತು. ಚೈನಾಟೌನಿನ ನಡುವೆ ಇರುವ ಮಾರಿಯಮ್ಮನ ಗುಡಿಯನ್ನು 1827ರಲ್ಲಿ ಸ್ಥಾಪಿಸಿದವರು ನಾರಾಯಣ ಪಿಳ್ಳೆ. ಮುಂದೆ 1860ರ ದಶಕದಲ್ಲಿ ಇಟ್ಟಿಗೆಯ ಕೆಲಸಕ್ಕೆ ಕೈದಿಗಳ ಕೈ ತಾಗಿತು ಎನ್ನುತ್ತಾರೆ. ರಾಷ್ಟ್ರಾಧ್ಯಕ್ಷರ ಅಧಿಕೃತ ನಿವಾಸ ಇಸ್ತಾನಾ, ಹಿಂದಿನ ಗವರ್ನರನ ಬಂಗಲೆ. 1867ರಿಂದ 1869ರವರೆಗೆ ಕಟ್ಟಿದವರು ಕೈದಿಗಳು, ಯೋಜಿಸಿದವನು ಅದೇ ಮ್ಯಾಕ್‌ನೇರ್. ವರ್ಷದಲ್ಲಿ ಕೆಲವು ಹಬ್ಬಗಳಂದು, ದೀಪಾವಳಿಯೂ ಸೇರಿ, ಅಲ್ಲಿ ಸಾರ್ವಜನಿಕರಿಗೆ ಪ್ರವೇಶವಿದೆ. ನಾವು ಹೋದದ್ದು ಹಬ್ಬದ ದಿನವಲ್ಲ, ಆದ್ದರಿಂದ ಗೇಟಿನ ಹೊರಗೆ ನಿಂತು ಫೋಟೋ ತೆಗೆಸಿಕೊಂಡೆವು. ನದಿಯ ಮೇಲಿನ ಕ್ಯಾವನಾ ಸೇತುವೆಯ ಉಕ್ಕು ಗ್ಲಾಸ್ಗೋದಿಂದ ಬಂತು, 1869ರಲ್ಲಿ ನಿಲ್ಲಿಸಿದವರು ಮತ್ತೆ ಇದೇ ಜನ. ದನ, ಕುದುರೆಗಳನ್ನು ಈ ಸೇತುವೆಯ ಮೇಲೆ ಹೊಡೆದುಕೊಂಡು ಹೋಗಬಾರದೆಂಬ ಪೊಲೀಸರ ಹಳೆಯ ಫಲಕ ಇಂದಿಗೂ ಅಲ್ಲಿದೆ. ಮೊಮ್ಮಗ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದ.

ಆ ಸೇತುವೆಯಿಂದ ಸ್ವಲ್ಪ ಮೇಲಕ್ಕೆ ನಡೆದರೆ, ಕೈಕಟ್ಟಿ ನಿಂತ ರಾಫಲ್ಸನ ಬಿಳಿ ಪ್ರತಿಮೆ. ಅವನು ಬಂದಿಳಿದು ಇನ್ನೂರು ವರ್ಷ ತುಂಬಿದ 2019ರಲ್ಲಿ, ಅವನೊಬ್ಬನೇ ಊರು ಕಟ್ಟಲಿಲ್ಲವೆಂದು ತೋರಿಸಲು ಪಕ್ಕದಲ್ಲಿ ಇನ್ನೂ ನಾಲ್ವರ ಪ್ರತಿಮೆಗಳನ್ನಿಟ್ಟರು: ಸಾಂಗ್ ನೀಲ ಉತಾಮ ಎಂಬ ಪ್ರಾಚೀನ ರಾಜಕುಮಾರ, ಚೀನೀ ದಾನಿ ತಾನ್ ಟೋಕ್ ಸೆಂಗ್, ಭಾಷಾ ಅಧ್ಯಾಪಕ ಮುನ್ಷಿ ಅಬ್ದುಲ್ಲಾ, ಮತ್ತು ನಾರಾಯಣ ಪಿಳ್ಳೆ. ಸಾಲಿನಲ್ಲಿ ಒಬ್ಬ ಮೇಷ್ಟ್ರು ಇದ್ದದ್ದಕ್ಕೆ ನನಗೆ ಸಂತೋಷವೇ. ಆದರೆ ಕಾಲಿಗೆ ಸಂಕೋಲೆಯಿದ್ದವನೊಬ್ಬ ಇರಲಿಲ್ಲ.

ನಮ್ಮ ಅಮರ ಸುಳ್ಯದವರು ಇಂಥದೇ ಗೋಡೆ ಕಟ್ಟಿದರು, ಇಂಥದೇ ರಸ್ತೆ ಹಾಕಿದರು ಎಂದು ನಾನು ಹೇಳಲಾರೆ. ಹಾಗೆ ಹೇಳಿದರೆ ಇತಿಹಾಸದ ಮೇಷ್ಟ್ರ ಕೆಲಸವಾಗುವುದಿಲ್ಲ. ಅವರು ಹೋದದ್ದು ಈ ಜನರ ಗುಂಪಿಗೆ, ಅವರ ಪಾಲಿಗೆ ಬಂದದ್ದು ಈ ಕೆಲಸ, ಇಷ್ಟು ಹೇಳಬಲ್ಲೆ.

ಕೊನೆಯ ಸಂಜೆ ಮತ್ತೆ ಮರೀನಾ ಬೇಗೆ ಹೋದೆವು. 2008ರಲ್ಲಿ ಕೊಲ್ಲಿಯ ಬಾಯಿಗೆ ಅಣೆಕಟ್ಟು ಕಟ್ಟಿ ಸಮುದ್ರದ ಉಪ್ಪುನೀರನ್ನು ಹೊರಗಿಟ್ಟಿದ್ದಾರೆ. ಒಳಗಿರುವುದು ಈಗ ಸಿಹಿನೀರಿನ ಜಲಾಶಯ, ಶುದ್ಧೀಕರಿಸಿ ನಗರಕ್ಕೆ ಕುಡಿಯಲು ಕೊಡುತ್ತಾರೆ. ಕೈದಿಗಳ ಹಡಗುಗಳು ಲಂಗರು ಹಾಕಿದ ಕಡಲು ಇಲ್ಲೇ ಎಲ್ಲೋ ಮುಂದಕ್ಕೆ ಇತ್ತು. ಮೊಮ್ಮಗ ಕೇಳಿದ: "ಅಜ್ಜ, ಕರಿನೀರು ಅಂದರೆ ಈ ನೀರಾ?" ಹೌದೆಂದೆ. ಅವನು ಬಗ್ಗಿ ನೋಡಿ, "ಕಪ್ಪಾಗಿ ಇಲ್ಲವಲ್ಲ" ಎಂದ. ಅಷ್ಟರಲ್ಲಿ ದೀಪಗಳು ಹತ್ತಿದವು.

ಹಿಂದಿನ ಬೆಂಚಿನ ಆ ಹುಡುಗನ ಹೆಸರು ನನಗೆ ನೆನಪಿದೆ. ಇಲ್ಲಿ ಬರೆದು ಮುಜುಗರಪಡಿಸುವುದಿಲ್ಲ. ನೀನು ಇದನ್ನು ಓದುತ್ತಿದ್ದರೆ, ಪ್ರಶ್ನೆ ಕೇಳಿದವನು ನೀನೇ ಎಂದು ನಿನಗೆ ಗೊತ್ತಾಗುತ್ತದೆ. ಮನೆಗೆ ಬಾ, ಚಿತ್ರಗಳನ್ನು ತೋರಿಸುತ್ತೇನೆ. ಸುಳ್ಯ, ಪುತ್ತೂರು, ಕೊಡಗಿನ ಕಡೆಯ ಉಳಿದವರಲ್ಲಿ ಒಂದು ಕೋರಿಕೆ: ನಿಮ್ಮ ಮನೆತನದಲ್ಲಿ 'ಕಡಲಾಚೆ ಹೋದವರು, ಮರಳಲಿಲ್ಲ' ಎಂದು ಹಿರಿಯರು ಹೇಳುತ್ತಿದ್ದ ಹೆಸರೇನಾದರೂ ಇದ್ದರೆ, ಹಳೆಯ ಕಡತವೋ ಕಾಗದವೋ ಇದ್ದರೆ, ದಯವಿಟ್ಟು ನನಗೆ ಬರೆಯಿರಿ.