ಮೀನಿನ ಯಕೃತ್ತಿನಲ್ಲಿ ಕಾರ್ಟಿಸೋಲ್: ಗ್ಲೈಕೋಜೆನ್ ಕರಗಿಸುವುದೇ, ಕೂಡಿಡುವುದೇ?

ಬಲೆಗೆ ಸಿಕ್ಕ ಮೀನಿನ ರಕ್ತದಲ್ಲಿ ಗ್ಲೂಕೋಸ್ ಏರುತ್ತದೆ. ಯಕೃತ್ತಿನ ಗ್ಲೈಕೋಜೆನ್ನನ್ನು ಕಾರ್ಟಿಸೋಲ್ ಕರಗಿಸುವುದೇ ಇದಕ್ಕೆ ಕಾರಣವೆಂಬ ವಿವರಣೆ ಇಂದಿಗೂ ಚಲಾವಣೆಯಲ್ಲಿದೆ. ಮಳೆಬಿಲ್ಲು ಟ್ರೌಟ್ ಮೀನಿನ ಮೇಲೆ ನಡೆದ ಅಧ್ಯಯನಗಳನ್ನು ಮುಂದಿಟ್ಟುಕೊಂಡು ನೋಡಿದರೆ ಈ ವಿವರಣೆ ನಿಲ್ಲುವುದಿಲ್ಲ ಎಂಬುದು ನನ್ನ ವಾದ.

ಒಪ್ಪಿತವಾದದ್ದನ್ನು ಚುಟುಕಾಗಿ ಹೇಳಬಹುದು. ಮೂಳೆಮೀನುಗಳಿಗೆ ಪ್ರತ್ಯೇಕ ಅಡ್ರಿನಲ್ ಗ್ರಂಥಿಯಿಲ್ಲ. ಅಡ್ರಿನಲಿನ್ ಮತ್ತು ಕಾರ್ಟಿಸೋಲ್ ಎರಡೂ ಮೂತ್ರಪಿಂಡದ ಮುಂಭಾಗದಲ್ಲಿರುವ ಬೇರೆ ಬೇರೆ ಜೀವಕೋಶಗಳಿಂದ ಹೊಮ್ಮುತ್ತವೆ. ವೆಂಡೆಲಾರ್ ಬೊಂಗಾ 1997ರಲ್ಲಿ ಬರೆದ ಸಮೀಕ್ಷೆ ಈ ಎರಡು ದಾರಿಗಳನ್ನೂ ವಿಶದವಾಗಿ ವಿವರಿಸಿದೆ.

ತಕರಾರು ಇರುವುದು ಗ್ಲೈಕೋಜೆನ್ ವಿಷಯದಲ್ಲಿ. ಕಾರ್ಟಿಸೋಲ್ ಕೊಟ್ಟಾಗ ಅದು ಕೆಲವು ಪ್ರಯೋಗಗಳಲ್ಲಿ ಇಳಿದಿದೆ, ಕೆಲವದರಲ್ಲಿ ಏರಿದೆ, ಮತ್ತೆ ಕೆಲವದರಲ್ಲಿ ಬದಲಾಗಿಯೇ ಇಲ್ಲ. ಮಾಮ್‌ಸೆನ್, ವಿಜಯನ್ ಮತ್ತು ಮೂನ್ 1999ರ ಸಮೀಕ್ಷೆಯಲ್ಲಿ ಈ ಗೊಂದಲವನ್ನು ಗುರುತಿಸಿದ್ದಾರೆ. ಇದನ್ನು ಮೀನಿನ ಜಾತಿಭೇದಕ್ಕೆ ಕಟ್ಟಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಮೊದಲು ಕಾಲಕ್ರಮವನ್ನು ಗಮನಿಸಬೇಕು. ಅಡ್ರಿನಲಿನ್ ಕ್ಷಣಗಳಲ್ಲೇ ರಕ್ತಕ್ಕೆ ಬರುತ್ತದೆ. ಯಕೃತ್ತಿನ ಬೀಟಾ ಗ್ರಾಹಕಗಳ ಮೂಲಕ ಫಾಸ್ಫಾರಿಲೇಸ್ ಕಿಣ್ವವನ್ನು ಚುರುಕುಗೊಳಿಸಿ ಗ್ಲೈಕೋಜೆನ್ ಒಡೆಯುತ್ತದೆ. ಕಾರ್ಟಿಸೋಲ್ ಏರಲು ಹಲವು ನಿಮಿಷಗಳು ಬೇಕು. ಅದರ ಮುಖ್ಯ ಕೆಲಸ ನಡೆಯುವುದು ಜೀನುಗಳ ಮಟ್ಟದಲ್ಲಿ. ತಣ್ಣೀರಿನ ಮೀನಿನಲ್ಲಿ ಹೊಸ ಕಿಣ್ವ ತಯಾರಾಗಿ ಪರಿಣಾಮ ಕಾಣುವ ಹೊತ್ತಿಗೆ ಗಂಟೆಗಳೇ ಕಳೆದಿರುತ್ತವೆ. ಹಾಗಾಗಿ ಮೊದಲ ನಿಮಿಷಗಳ ಗ್ಲೂಕೋಸ್ ಏರಿಕೆಯನ್ನು ಕಾರ್ಟಿಸೋಲ್ ಲೆಕ್ಕಕ್ಕೆ ಬರೆಯಲಾಗದು.

ದೀರ್ಘ ಒತ್ತಡದಲ್ಲಿ ಗ್ಲೈಕೋಜೆನ್ ಕರಗುವುದಿಲ್ಲವೇ ಎಂದು ಕೇಳಬಹುದು. ಕರಗುತ್ತದೆ. ಆದರೆ ಆ ಮೀನು ಸರಿಯಾಗಿ ತಿನ್ನುತ್ತಿರುವುದಿಲ್ಲ. ಕಾರ್ಟಿಸೋಲ್ ಮಟ್ಟವನ್ನು ದೀರ್ಘಕಾಲ ಏರಿಸಿದ ಟ್ರೌಟ್ ಮರಿಗಳು ಕಡಿಮೆ ತಿನ್ನುತ್ತವೆ, ಬೆಳವಣಿಗೆಯಲ್ಲೂ ಹಿಂದೆ ಬೀಳುತ್ತವೆ ಎಂದು ಗ್ರೆಗರಿ ಮತ್ತು ವುಡ್ 1999ರಲ್ಲಿ ತೋರಿಸಿದ್ದಾರೆ. ಹಸಿವಿನ ಪರಿಣಾಮವನ್ನು ಹಾರ್ಮೋನಿನ ನೇರ ಪರಿಣಾಮವೆಂದು ಓದುವ ಅಪಾಯ ಇಲ್ಲಿದೆ. ಕಾರ್ಟಿಸೋಲ್ ಸ್ನಾಯುವಿನ ಪ್ರೋಟೀನ್ ಒಡೆಸಿ, ಬಿಡುಗಡೆಯಾದ ಅಮೈನೋ ಆಮ್ಲಗಳಿಂದ ಯಕೃತ್ತು ಗ್ಲೂಕೋಸ್ ತಯಾರಿಸಲು ನೆರವಾಗುತ್ತದೆ. ಈ ಗ್ಲೂಕೋಸ್‌ನ ಒಂದು ಪಾಲು ಗ್ಲೈಕೋಜೆನ್ ಆಗಿ ಮರಳಿ ಕೂಡಿಕೊಳ್ಳಬಲ್ಲದು.

ಇಲ್ಲಿಂದ ಒಂದು ಹೆಜ್ಜೆ ಮುಂದಿಡುತ್ತೇನೆ, ಎಚ್ಚರಿಕೆಯಿಂದಲೇ. ಕಾರ್ಟಿಸೋಲ್ ಟ್ರೌಟ್ ಯಕೃತ್ತಿನ ಕೋಶಗಳಲ್ಲಿ ಬೀಟಾ ಗ್ರಾಹಕಗಳ ಸಂಖ್ಯೆಯನ್ನು ಹೆಚ್ಚಿಸುತ್ತದೆಂದು ರೀಡ್, ಮೂನ್ ಮತ್ತು ಪೆರಿ 1992ರಲ್ಲಿ ವರದಿ ಮಾಡಿದ್ದರು. ಹಾಗಿದ್ದರೆ ಕಾರ್ಟಿಸೋಲ್ ಯಕೃತ್ತನ್ನು ಅಡ್ರಿನಲಿನ್‌ನ ಮುಂದಿನ ಕರೆಗೆ ಅಣಿಗೊಳಿಸುತ್ತಿರಬಹುದು: ಒಂದೆಡೆ ದಾಸ್ತಾನು, ಇನ್ನೊಂದೆಡೆ ಅದನ್ನು ತೆರೆಯುವ ಗ್ರಾಹಕಗಳು. ಇದು ಟ್ರೌಟ್ ಆಧಾರಿತ ಊಹೆ; ಬೇರ್ಪಡಿಸಿದ ಕೋಶಗಳಲ್ಲಿ ಕಂಡದ್ದು ಇಡೀ ಮೀನಿನಲ್ಲೂ ಅದೇ ಪ್ರಮಾಣದಲ್ಲಿ ನಡೆಯಬೇಕೆಂದಿಲ್ಲ.

ಟ್ರೌಟ್ ಮಾಂಸಾಹಾರಿ, ಪಿಷ್ಟ ತಿಂದು ಅರಗಿಸಿಕೊಳ್ಳುವ ರೋಹು, ಕಾಟ್ಲಾ ಮೀನುಗಳಿಗೆ ಈ ವಾದವನ್ನು ವಿಸ್ತರಿಸಬಹುದೇ ಎಂಬುದು ತೆರೆದ ಪ್ರಶ್ನೆ. ಅದನ್ನು ಕೈಗೆತ್ತಿಕೊಳ್ಳುವವರು ಕಾರ್ಟಿಸೋಲ್ ಕೊಟ್ಟ ಮೀನುಗಳು ತಿಂದಷ್ಟೇ ಮೇವು ಪಡೆದ, ಹಾರ್ಮೋನ್ ಕೊಡದ ಇನ್ನೊಂದು ಗುಂಪನ್ನು ಪ್ರಯೋಗದಲ್ಲಿ ಕಡ್ಡಾಯವಾಗಿ ಇರಿಸಿಕೊಳ್ಳಬೇಕು.