ಹೊಟ್ಟೆ ತೊಳೆದು ನಿದ್ದೆ ಹೋಗುವ ಮೊದಲು

ಡಾಕ್ಟರು ಚೀಟಿಯಲ್ಲಿ ಕೊಲೊನೋಸ್ಕೋಪಿ ಅಂತ ಬರೆದುಕೊಟ್ಟರೆ ನಮ್ಮ ಕಾರವಾರ, ಅಂಕೋಲೆ ಕಡೆಯ ಜನ ಮೊದಲು ಕೇಳುವುದು 'ನೋವಾಗ್ತದಾ?' ಅಂತ. ಎರಡನೆಯದು 'ಎಲ್ಲಿಗೆ ಹೋಗ್ಬೇಕು?' ಅಂತ. ಮೂರನೆಯದನ್ನು ಬಾಯಿಬಿಟ್ಟು ಕೇಳುವವರು ಕಡಿಮೆ. 'ಹಿಂದಿನಿಂದ ಅಲ್ವಾ? ಅಲ್ಲಿ ಯಾರ್ಯಾರು ಇರ್ತಾರೆ?'

ನನಗೂ ಆ ಚೀಟಿ ಸಿಕ್ಕಿತು. ವಯಸ್ಸು ಐವತ್ತು ದಾಟಿದೆ, ರಕ್ತ ಕಡಿಮೆ ಇದೆ, ಕಾರಣ ಗೊತ್ತಾಗುತ್ತಿಲ್ಲ, ದೊಡ್ಡ ಕರುಳನ್ನು ಒಮ್ಮೆ ನೋಡಿಬಿಡೋಣ ಅಂದರು. ಜೊತೆಗೆ ಕೊಟ್ಟ ಹಾಳೆಯಲ್ಲಿ ಮುಖ್ಯವಾಗಿ ಇದ್ದದ್ದು ಎರಡೇ ಮಾತು. ಹಿಂದಿನ ದಿನ ಹೊಟ್ಟೆ ಪೂರ್ತಿ ಖಾಲಿ ಮಾಡಿಕೊಂಡು ಬರಬೇಕು. ಸೆಡೇಶನ್, ಅಂದರೆ ಮಂಪರಿನ ಮದ್ದು, ಬೇಕೋ ಬೇಡವೋ ತಿಳಿಸಬೇಕು. ಹಳೆಯ ಪುಸ್ತಕ ಕೆದಕುವ ಚಟ ಇರುವವನಿಗೆ ಇಷ್ಟು ಸಾಕಲ್ಲ! ಆ ಎರಡು ಸಾಲಿನ ಹಿಂದೆ ಎಷ್ಟು ಶತಮಾನ ಇದೆ ಅಂತ ಹುಡುಕುತ್ತಾ ಕೂತೆ. ಹುಡುಕಿದ ಮೇಲೆ ನನಗೆ ಅನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮಂಪರಿನ ಮದ್ದಿನ ಚರಿತ್ರೆಯಲ್ಲಿ ನೋವಿಗಿಂತ ದೊಡ್ಡ ಪ್ರಶ್ನೆ ಒಂದಿದೆ: ನಾವು ಎಚ್ಚರ ತಪ್ಪಿದಾಗ ನಮ್ಮನ್ನು ಕಾಯುವವರು ಯಾರು?

ಮೊದಲು ಹೊಟ್ಟೆ ತೊಳೆಯುವ ಮಾತು. ನನ್ನ ವಯಸ್ಸಿನವರಿಗೆ ಇದೇನು ಹೊಸದಲ್ಲ. ಮಕ್ಕಳಿದ್ದಾಗ ಆಗಾಗ ಬೆಳಿಗ್ಗೆ ಎಬ್ಬಿಸಿ, ಮೂಗು ಹಿಡಿದು ಹರಳೆಣ್ಣೆ ಕುಡಿಸುತ್ತಿದ್ದರು. ಆ ದಿನ ಶಾಲೆ ಇಲ್ಲ, ಮಧ್ಯಾಹ್ನ ಬರೀ ಗಂಜಿ. ಆಯುರ್ವೇದದಲ್ಲಿ ವಿರೇಚನ, ಬಸ್ತಿ ಅಂತ ಇದಕ್ಕೆ ದೊಡ್ಡ ಶಾಸ್ತ್ರವೇ ಇದೆ. ಸುಶ್ರುತ ಸಂಹಿತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಗೆ ಮೊದಲು ರೋಗಿಗೆ ಊಟ ಕೊಡಿ ಅನ್ನುವ ಆ ಗ್ರಂಥ, ಮೂಲವ್ಯಾಧಿ, ಭಗಂದರ, ಹೊಟ್ಟೆಯ ರೋಗಗಳಿಗೆ ಮಾತ್ರ ಖಾಲಿ ಹೊಟ್ಟೆಯಲ್ಲೇ ಕೆಲಸ ಮಾಡಬೇಕು ಅನ್ನುತ್ತದೆ. ಮೂಲವ್ಯಾಧಿ ನೋಡುವುದಕ್ಕೆ ಹಸುವಿನ ಮೊಲೆಯ ಆಕಾರದ, ಕಿಂಡಿ ಇರುವ, ನಾಲ್ಕು ಅಂಗುಲ ಉದ್ದದ ಕೊಳವೆಯನ್ನೂ ವಿವರಿಸುತ್ತದೆ. ಲೋಹ, ದಂತ, ಕೊಂಬು, ಮರ, ಯಾವುದರಿಂದ ಮಾಡಿದರೂ ನಡೆಯುತ್ತದೆ.

ನಾಲ್ಕು ಅಂಗುಲದಿಂದ ಮುಂದೆ ಹೋಗುವುದಕ್ಕೆ ಮಾತ್ರ ಬಹಳ ಕಾಲ ಬೇಕಾಯಿತು. ಒಳಗೆ ಕತ್ತಲೆ, ದಾರಿ ವಕ್ರ. 1806ರಲ್ಲಿ ಜರ್ಮನಿಯ ಬೊಜ್ಜಿನಿ ಎಂಬ ವೈದ್ಯ ಮೇಣದ ಬತ್ತಿಯ ಬೆಳಕನ್ನು ಕೊಳವೆಯೊಳಗೆ ಹಾಯಿಸಿದ. 1868ರಲ್ಲಿ ಕುಸ್ಮೌಲ್ ನೆಟ್ಟಗಿನ ಕೊಳವೆಯಿಂದ ಜಠರ ನೋಡಲು ಹೊರಟಾಗ ಅವನಿಗೆ ಒದಗಿದ್ದು ಕತ್ತಿ ನುಂಗುವ ಆಟಗಾರ. ಬಾಗುವ ಕೊಳವೆಗೆ ದಾರಿ ಮಾಡಿದವರಲ್ಲಿ ನಮ್ಮ ದೇಶದವರೊಬ್ಬರಿದ್ದಾರೆ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ, ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಜೊತೆ ಸೇರಿ, ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರ ಸಾಗಿಸಬಹುದು ಅಂತ 1954ರಲ್ಲಿ ತೋರಿಸಿದರು. 1957ರ ಹೊತ್ತಿಗೆ ಅಮೆರಿಕದ ಮಿಷಿಗನ್ನಿನಲ್ಲಿ ಹಿರ್ಷೊವಿಟ್ಜ್ ಅದರಿಂದ ಜಠರದರ್ಶಕ ಮಾಡಿ, ಮೊದಲು ತಾನೇ ನುಂಗಿ ನೋಡಿದರು. 1969ರಲ್ಲಿ ನ್ಯೂಯಾರ್ಕಿನಲ್ಲಿ ಶಿನ್ಯಾ ಮತ್ತು ವುಲ್ಫ್ ದೊಡ್ಡ ಕರುಳಿನ ಒಳಗಿದ್ದ ಗಂಟನ್ನು, ಅಂದರೆ ಪಾಲಿಪ್ ಅನ್ನು, ಹೊಟ್ಟೆ ಕೊಯ್ಯದೆಯೇ ತಂತಿಯ ಕುಣಿಕೆ ಹಾಕಿ ಕತ್ತರಿಸಿ ತೆಗೆದರು. ಕೆಲವು ಪಾಲಿಪ್‌ಗಳು ವರ್ಷಗಳು ಕಳೆದಂತೆ ಕ್ಯಾನ್ಸರ್ ಆಗುತ್ತವೆ. ಅಂದರೆ ರೋಗ ನೋಡುವ ಕೊಳವೆಯೇ ರೋಗ ತಡೆಯುವ ಕೊಳವೆಯೂ ಆಯಿತು. ನಾಚಿಕೆಗೆ ಮುಂದೂಡಬೇಡಿ ಅಂತ ಡಾಕ್ಟರುಗಳು ಹೇಳುವುದು ಇದಕ್ಕೇ.

ಕ್ಯಾಮೆರಾ ಎಷ್ಟು ಒಳ್ಳೆಯದಿದ್ದರೂ ಕರುಳು ಸ್ವಚ್ಛ ಇಲ್ಲದಿದ್ದರೆ ಏನೂ ಕಾಣಿಸುವುದಿಲ್ಲ. ಕಾಣಿಸದಿರುವುದು ಹಾಗಿರಲಿ, ಅಪಾಯವೂ ಉಂಟು. ಮ್ಯಾನಿಟಾಲ್ ಎಂಬ ಸಕ್ಕರೆಯಂಥ ಪದಾರ್ಥ ಕುಡಿಸಿ ಹೊಟ್ಟೆ ತೊಳೆಯುವ ರೂಢಿ ಒಂದು ಕಾಲದಲ್ಲಿತ್ತು. ಕರುಳಿನ ಬ್ಯಾಕ್ಟೀರಿಯಾ ಅದನ್ನು ತಿಂದು ಹೈಡ್ರೋಜನ್ ಬಿಡುತ್ತಿದ್ದವು. 1979ರಲ್ಲಿ ಫ್ರಾನ್ಸಿನ ವೈದ್ಯರು ಒಂದು ಸಾವನ್ನು ವರದಿ ಮಾಡಿದರು: ಪಾಲಿಪ್ ಕತ್ತರಿಸಲು ವಿದ್ಯುತ್ ಹಾಯಿಸಿದಾಗ ಒಳಗಿನ ಅನಿಲವೇ ಸ್ಫೋಟಿಸಿತ್ತು. ಮರುವರ್ಷವೇ, 1980ರಲ್ಲಿ, ಅಮೆರಿಕದ ಫೋರ್ಡ್‌ಟ್ರಾನ್ ಮತ್ತು ಸಂಗಡಿಗರು ಪಾಲಿಎಥಿಲೀನ್ ಗ್ಲೈಕಾಲ್ ಮತ್ತು ಲವಣಗಳ ದ್ರಾವಣ ಪ್ರಕಟಿಸಿದರು. ಅದು ಮೈಗೆ ಹೀರಿಕೊಳ್ಳುವುದಿಲ್ಲ, ಮೈಯ ನೀರನ್ನೂ ಎಳೆಯುವುದಿಲ್ಲ, ಬಂದ ದಾರಿಯಲ್ಲಿ ಎಲ್ಲವನ್ನೂ ತೊಳೆದುಕೊಂಡು ಹೊರಟುಹೋಗುತ್ತದೆ. ಇವತ್ತು ಔಷಧಿ ಅಂಗಡಿಯಲ್ಲಿ ಸಿಗುವ ಪುಡಿಯ ಪೊಟ್ಟಣ ಇದರದ್ದೇ ಸಂತಾನ.

ಚುಟುಕಾಗಿ ಅದರ ಹೆಸರು ಪೆಗ್! ಗೋವಾ ಗಡಿಯ ಪಕ್ಕದಲ್ಲೇ ಇದ್ದುಕೊಂಡು 'ಎರಡು ಲೀಟರ್ ಪೆಗ್ ಕುಡಿಯಬೇಕಂತೆ' ಅಂದರೆ ಯಾರು ನಂಬುತ್ತಾರೆ ಹೇಳಿ. ಗೆಳೆಯನೊಬ್ಬ 'ಜೊತೆಗೆ ನಂಚಿಕೊಳ್ಳಲಿಕ್ಕೆ ಏನು ಮಾರಾಯಾ?' ಅಂತ ಕೇಳಿದ. ಏನೂ ಇಲ್ಲ ಅಂತ ಹೇಳುವಾಗ ಹೊಟ್ಟೆ ಉರಿಯಿತು. ಎರಡು ಮೂರು ದಿನ ಮೊದಲೇ ಸೊಪ್ಪು, ಕಾಳು, ಬೀಜ ಇರುವ ತರಕಾರಿ, ಹಣ್ಣು ಬಿಡಬೇಕು. ಅದು ಅಂಕೋಲೆಯ ಕರಿ ಈಶಾಡ ಮಾವಿನ ಕಾಲ ಬೇರೆ. ಹಿಂದಿನ ದಿನ ತಿಳಿಯಾದ ದ್ರವ ಮಾತ್ರ. ಸೋಸಿದ ಗಂಜಿನೀರು ಆಗುತ್ತದಾ ಅಂತ ಕೇಳಿದೆ, ಬಟ್ಟೆಯಲ್ಲಿ ಸೋಸಿ ಅಂದರು. ಎಳನೀರು ಆಗುತ್ತದೆ ಅಂದರು, ಕಿಡ್ನಿ ತೊಂದರೆ ಇರುವವರು ಮಾತ್ರ ಕೇಳಿಯೇ ಕುಡಿಯಬೇಕಂತೆ. ಕೋಕಂ ಶರಬತ್ತು, ಸೋಲ್‌ಕಡಿ ಸುತರಾಂ ಇಲ್ಲ. ಆ ಕೆಂಪು ಬಣ್ಣ ಕರುಳಿನಲ್ಲಿ ಉಳಿದರೆ ರಕ್ತದ ಹಾಗೆ ಕಾಣಿಸುತ್ತದೆ. ರಕ್ತಹೀನತೆಗೆ ತಿನ್ನುತ್ತಿದ್ದ ಕಬ್ಬಿಣದ ಮಾತ್ರೆಯನ್ನು ಕೆಲವು ದಿನ ಮೊದಲೇ ನಿಲ್ಲಿಸಿದರು, ಅದು ಮಲವನ್ನು ಕಪ್ಪು ಮಾಡುತ್ತದೆ. ಸಕ್ಕರೆ ಕಾಯಿಲೆಯ ಮದ್ದು, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ತಾವಾಗಿ ಏನನ್ನೂ ನಿಲ್ಲಿಸಬಾರದು, ಡಾಕ್ಟರನ್ನೇ ಕೇಳಬೇಕು.

ದ್ರಾವಣದ ಅರ್ಧ ಹಿಂದಿನ ಸಂಜೆ, ಇನ್ನರ್ಧ ತಪಾಸಣೆಯ ದಿನ ಬೆಳಗಿನ ಜಾವ. ಒಂದೇ ಸಲ ಕುಡಿಯುವುದಕ್ಕಿಂತ ಹೀಗೆ ಎರಡು ಕಂತಿನಲ್ಲಿ ಕುಡಿದರೆ ಕರುಳು ಚೆನ್ನಾಗಿ ಸ್ವಚ್ಛವಾಗುತ್ತದೆ. ಕೊನೆಗೆ ಹೊರಬರುವುದು ತಿಳಿ ಹಳದಿ ನೀರಾಗಿರಬೇಕು. ಮಂಪರು ತಗೊಳ್ಳುವವರು ತಪಾಸಣೆಗೆ ಮೊದಲು ಕನಿಷ್ಠ ಎರಡು ತಾಸು ಹನಿ ನೀರೂ ಕುಡಿಯಬಾರದು. ಮೈಮರೆತಾಗ ಹೊಟ್ಟೆಯದ್ದು ಮೇಲೆ ಬಂದು ಶ್ವಾಸನಾಳಕ್ಕೆ ಹೋದರೆ ಕಷ್ಟ.

ಇನ್ನು ನಿದ್ದೆಯ ಮಾತು. ನೋವು ತಡೆಯಲಾರದವರಿಗೆ, ಕುಡಿಯುವ ಅಭ್ಯಾಸ ಇದ್ದರೆ, ತೀಕ್ಷ್ಣ ಮದ್ಯ ಕೊಡಿ ಅಂತ ಸುಶ್ರುತ ಸಂಹಿತೆಯಲ್ಲಿದೆ. ನಮ್ಮ ಪಕ್ಕದ ಗೋವಾದಲ್ಲಿ 1563ರಲ್ಲಿ ಅಚ್ಚಾದ ಗಾರ್ಸಿಯಾ ದ ಓರ್ತಾನ ಪುಸ್ತಕದಲ್ಲಿ ಅಫೀಮು, ಭಂಗಿ, ದತ್ತೂರಿ ಮೂರರ ಮಾತೂ ಬರುತ್ತದೆ. ದತ್ತೂರಿಯನ್ನು ಕಳ್ಳರು ಊಟದಲ್ಲಿ ಬೆರೆಸಿ, ಮನೆಯವರು ಮೈಮರೆತಾಗ ದೋಚುತ್ತಿದ್ದರಂತೆ. ನಮ್ಮ ಬೇಲಿಬದಿಯ ಅದೇ ಗಿಡದಲ್ಲಿರುವ ಹಯೋಸಿನ್ ಎಂಬ ಸತ್ವದಿಂದ ಮಾಡಿದ ಚುಚ್ಚುಮದ್ದನ್ನು ಇವತ್ತು ಕೊಲೊನೋಸ್ಕೋಪಿಯಲ್ಲಿ ಕರುಳಿನ ಹಿಡಿತ ಸಡಿಲಿಸಲು ಬಳಸುವುದುಂಟು. ಮದ್ದು ಒಂದೇ, ಪಕ್ಕದಲ್ಲಿ ನಿಂತವನು ಕಳ್ಳನೋ ವೈದ್ಯನೋ ಅನ್ನುವುದರ ಮೇಲೆ ಎಲ್ಲ ನಿಂತಿದೆ.

1670ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸರ್ಜನ್ ಜಾನ್ ಫ್ರಯರ್ ಕಾರವಾರಕ್ಕೆ ಬಂದಿದ್ದ, ಗೋಕರ್ಣವನ್ನೂ ನೋಡಿ ಹೋದ. ಅವನ ಕಾಲದ ಸರ್ಜನ್‌ಗಳ ಹತ್ತಿರ ಇದ್ದದ್ದು ಅಫೀಮು, ಮದ್ಯ ಮತ್ತು ಬೇಗ ಬೇಗ ಓಡುವ ಕೈ, ಅಷ್ಟೇ. 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ಸ್ಕಾಟಿಷ್ ಸರ್ಜನ್ ಬೇರೆಯದೇ ದಾರಿ ಹಿಡಿದ. ಕತ್ತಲೆ ಕೋಣೆಯಲ್ಲಿ ಸಹಾಯಕರು ತಾಸುಗಟ್ಟಲೆ ರೋಗಿಯ ಮೈಮೇಲೆ ಕೈಯಾಡಿಸಿ ವಶೀಕರಣದ ನಿದ್ದೆ ತರಿಸುವುದು, ಆಮೇಲೆ ಆತ ಕತ್ತಿ ಹಿಡಿಯುವುದು. ಕಲ್ಕತ್ತೆಯಲ್ಲಿ ಅದಕ್ಕೊಂದು ಆಸ್ಪತ್ರೆಯೂ ಆಯಿತು. ಅಷ್ಟರಲ್ಲಿ 1846ರ ಅಕ್ಟೋಬರಿನಲ್ಲಿ ಬೋಸ್ಟನ್ನಿನಲ್ಲಿ ಈಥರ್ ಗೆದ್ದಿತು, ಮರುವರ್ಷವೇ ಕಲ್ಕತ್ತೆಗೂ ಬಂತು. ಅದರ ಬೆನ್ನಿಗೇ ಕ್ಲೋರೋಫಾರ್ಮ್. 1848ರ ಜನವರಿಯಲ್ಲಿ ಇಂಗ್ಲೆಂಡಿನಲ್ಲಿ ಕಾಲುಗುರು ತೆಗೆಸಿಕೊಳ್ಳಲು ಬಂದ ಹದಿನೈದರ ಹುಡುಗಿ ಕ್ಲೋರೋಫಾರ್ಮ್ ಕೊಟ್ಟ ಕೆಲವೇ ನಿಮಿಷದಲ್ಲಿ ತೀರಿಹೋದಳು.

ಆಗ ಎದ್ದ ಪ್ರಶ್ನೆ: ನಿದ್ದೆಯಲ್ಲಿರುವವರ ಉಸಿರು ನೋಡಬೇಕೋ, ನಾಡಿ ನೋಡಬೇಕೋ? ಇದನ್ನು ತೀರ್ಮಾನಿಸಲು ಹೈದರಾಬಾದಿನಲ್ಲಿ, ಅಂದಿನ ರಾಯಚೂರು, ಕಲಬುರ್ಗಿಗಳನ್ನೂ ಆಳುತ್ತಿದ್ದ ನಿಜಾಮರ ಖರ್ಚಿನಲ್ಲಿ, 1888 ಮತ್ತು 1889ರಲ್ಲಿ ಎರಡು ಆಯೋಗಗಳು ಕೂತವು. ಉಸಿರೇ ಮೊದಲು ನಿಲ್ಲುವುದು, ಅದನ್ನು ನೋಡಿ, ನಾಡಿಯ ಗೊಡವೆ ಬೇಡ ಅಂದಿತು ಎಡ್ವರ್ಡ್ ಲಾರಿಯ ತಂಡ. ಕ್ಲೋರೋಫಾರ್ಮ್ ನೇರವಾಗಿ ಹೃದಯವನ್ನೇ ನಿಲ್ಲಿಸಬಲ್ಲದು ಅಂತ 1911ರಲ್ಲಿ ಗೊತ್ತಾಯಿತು. ಈಗ ಎರಡನ್ನೂ ನೋಡುತ್ತಾರೆ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರನ್ನು ಕೋವಿಡ್ ಕಾಲದಲ್ಲಿ ಮನೆಮನೆಯವರೂ ಕಂಡರು. ಅದರ ಮೂಲತತ್ವ 1970ರ ದಶಕದಲ್ಲಿ ಜಪಾನಿನ ತಕುಒ ಅಓಯಾಗಿ ಕಂಡುಕೊಂಡದ್ದು.

ಇವತ್ತು ನಮ್ಮ ಮುಂದೆ ಇರುವ ಆಯ್ಕೆ ಮೂರು. ಒಂದು, ಮಂಪರೇ ಬೇಡ. ಕರುಳಿನ ತಿರುವಿನಲ್ಲಿ ಹಿಂಡಿದಂತೆ ನೋವು, ಗಾಳಿ ತುಂಬಿದ ಹಿಂಸೆ ಆಗಬಹುದು. ಆದರೂ ನಾರ್ವೆ, ಫಿನ್‌ಲ್ಯಾಂಡಿನಂಥ ದೇಶಗಳಲ್ಲಿ ಬಹಳ ಜನ ಹೀಗೇ ಮಾಡಿಸಿಕೊಂಡು ತಾವೇ ಮನೆಗೆ ಹೋಗುತ್ತಾರೆ. ಎರಡು, ಮಿಡಜೋಲಾಮ್ ಜೊತೆಗೆ ಫೆಂಟನಿಲ್. ಕರೆದರೆ ಓಗೊಡುವಷ್ಟು ಎಚ್ಚರ ಇರುತ್ತದೆ, ಆಮೇಲೆ ಹೆಚ್ಚಿನದು ನೆನಪಿರುವುದಿಲ್ಲ. ಡೋಸ್ ಹೆಚ್ಚಾದರೆ ಅದನ್ನು ಇಳಿಸುವ ಮದ್ದೂ ಇದೆ. ಮೂರು, ಪ್ರೊಪೊಫಾಲ್. ಸೋಯಾ ಎಣ್ಣೆಯಲ್ಲಿ ಕದಡಿದ, ಹಾಲಿನಂಥ ಬಿಳಿ ಮದ್ದು, 1986ರಲ್ಲಿ ಬಳಕೆಗೆ ಬಂತು. ಅದನ್ನು ಕಂಡುಹಿಡಿದ ಜಾನ್ ಗ್ಲೆನ್ ಮೂಲತಃ ದನದ ಡಾಕ್ಟರು! ನಿದ್ದೆ ಬೇಗ ಬರುತ್ತದೆ, ಬೇಗ ಇಳಿಯುತ್ತದೆ, ಏನೂ ಗೊತ್ತಾಗುವುದಿಲ್ಲ. ಆದರೆ ಉಸಿರು ನಿಲ್ಲಿಸುವ ಶಕ್ತಿ ಅದಕ್ಕಿದೆ, ಇಳಿಸುವ ಮದ್ದು ಇಲ್ಲ. ಹಾಗಾಗಿ ತಲೆಯ ಹತ್ತಿರ ಉಸಿರು ನೋಡುವುದಕ್ಕೆಂದೇ ಒಬ್ಬರು ಅರಿವಳಿಕೆ ತಜ್ಞರು ಬೇಕು. ಅದಕ್ಕೇ ಬಿಲ್ಲೂ ಹೆಚ್ಚು.

ಪುಸ್ತಕದಲ್ಲಿ ಆಯ್ಕೆ ಇಲ್ಲಿಗೆ ಮುಗಿಯುತ್ತದೆ. ಕಾರವಾರ, ಅಂಕೋಲೆಯಲ್ಲಿ ಮುಗಿಯುವುದಿಲ್ಲ, ಯಾಕೆಂದರೆ ನಮ್ಮಲ್ಲಿ ಕಾಯಿಲೆಗೆ ರಸ್ತೆಯೂ ಸೇರಿಕೊಂಡಿದೆ. ಮಂಪರು ತಗೊಂಡವರು ಆ ಇಡೀ ದಿನ ಗಾಡಿ ಹೊಡೆಯುವಂತಿಲ್ಲ, ಕಾಗದಕ್ಕೆ ಸಹಿ ಹಾಕುವಂತಿಲ್ಲ, ಒಬ್ಬರೇ ಹೊರಡುವಂತಿಲ್ಲ. ಕಾರವಾರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಶುರುವಾದದ್ದು 2016ರಲ್ಲಿ. ಆದರೂ ದೊಡ್ಡ ಕಾಯಿಲೆ ಅಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾದ ಬಾಂಬೋಳಿ. ಅಲ್ಲಿನ ಕಾಲೇಜಿನ ಬೇರು 1842ರಷ್ಟು ಹಳೆಯದು, ಕಾರವಾರದಿಂದ ನೂರು ಕಿಲೋಮೀಟರಿನ ಆಸುಪಾಸು. 2018ರಿಂದ ಹೊರರಾಜ್ಯದವರು ಅಲ್ಲಿ ಶುಲ್ಕ ಕೊಡಬೇಕು. 2019ರಲ್ಲಿ ನಮ್ಮ ಜಿಲ್ಲೆಯ ಯುವಕರು ಸುಸಜ್ಜಿತ ಆಸ್ಪತ್ರೆ ಬೇಕು ಅಂತ ಟ್ವಿಟರಿನಲ್ಲಿ ದನಿ ಎತ್ತಿದರು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತಾಗ ಆ ಕೂಗು ಮತ್ತೆ ಎದ್ದಿತು. 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಇನ್ನೊಂದು ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಗೆ ಬಂತು. ಮೂರು ವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ದಕ್ಷಿಣಕ್ಕೆ ಗುಡ್ಡ, ಉತ್ತರಕ್ಕೆ ಸೇತುವೆ! ಆ ಮಳೆಗಾಲದಲ್ಲಿ ಹೊಟ್ಟೆ ಖಾಲಿ ಮಾಡಿಕೊಂಡು ಆಸ್ಪತ್ರೆಗೆ ಹೊರಡಬೇಕಾಗಿದ್ದವರ ಪಾಡು ಏನಿದ್ದೀತು?

ಈ ಕಾರಣಕ್ಕೆ ನಮ್ಮಲ್ಲಿ ಎಷ್ಟೋ ಜನ, ಅದರಲ್ಲೂ ಒಂಟಿಯಾಗಿರುವ ವಯಸ್ಸಾದವರು, ಮಂಪರು ಬೇಡ ಅಂತ ಬರೆದುಕೊಡುತ್ತಾರೆ. ಧೈರ್ಯ ಇದೆ ಅಂತಲ್ಲ, ಜೊತೆಗೆ ಬರುವವರಿಲ್ಲ ಅಂತ. ಇನ್ನು ಕೆಲವರು ತಪಾಸಣೆಯನ್ನೇ ಬಿಟ್ಟುಬಿಡುತ್ತಾರೆ.

ನನಗೆ ದಿನಾಂಕ ಸಿಕ್ಕಿದ್ದು ದಕ್ಷಿಣದ ಒಂದು ಊರಿನಲ್ಲಿ. ಬೆಳಗಿನ ಕಂತು ಕುಡಿದು ಬಸ್ಸು ಹತ್ತುವುದು ಆಗದ ಮಾತು. ಹಿಂದಿನ ಮಧ್ಯಾಹ್ನವೇ ಹೋಗಿ ಆಸ್ಪತ್ರೆಯ ಹತ್ತಿರ ರೂಮು ಮಾಡಿದೆವು, ಒಳಗೇ ಪಾಯಖಾನೆ ಇದೆಯಾ ಅಂತ ಎರಡು ಸಲ ಕೇಳಿ. ಸೋದರಳಿಯ ರಜೆ ಹಾಕಿ ಬಂದಿದ್ದ. 'ಮಾವ, ನೀವು ಪೂರ್ತಿ ನಿದ್ದೆನೇ ತಗೊಳ್ಳಿ, ಗಾಡಿ ನಾನು ಹೊಡಿತೇನೆ' ಅಂದ. ನಾನು ಅರಿವಳಿಕೆ ತಜ್ಞರನ್ನು ಒಂದೇ ಪ್ರಶ್ನೆ ಕೇಳಿದೆ: 'ನನ್ನ ಉಸಿರು ಯಾರು ನೋಡ್ತಾರೆ ಮೇಡಂ?' ಆಕೆ ನಕ್ಕು, 'ನಾನೇ. ಬೇರೆ ಕೆಲಸ ಇಲ್ಲ ನನಗೆ' ಅಂದರು. ಪ್ರೊಪೊಫಾಲ್ ಆಗಲಿ ಅಂದೆ. ಸಣ್ಣದೊಂದು ಪಾಲಿಪ್ ಸಿಕ್ಕಿತು, ತೆಗೆದರು, ಕೆಲವು ವರ್ಷ ಬಿಟ್ಟು ಮತ್ತೆ ಬನ್ನಿ ಅಂದರು. ನಾಚಿಕೆಯ ಮಾತು ಕೇಳಿದರೆ, ಮೇಲೊಂದು ಬಟ್ಟೆ ಹೊದೆಸಿರುತ್ತಾರೆ, ಎಡಕ್ಕೆ ಮಗ್ಗುಲಾಗಿ ಮಲಗಬೇಕು, ಅಷ್ಟೇ.

ಈಗ ಊರಿನಲ್ಲಿ ಯಾರಾದರೂ ಗುಟ್ಟಾಗಿ ಬಂದು ವಿಚಾರಿಸಿದರೆ ಮಂಪರು ತಗೊಳ್ಳಿ, ಬಿಡಿ ಅಂತ ನಾನು ಹೇಳುವುದಿಲ್ಲ. ಜೊತೆಗೆ ಯಾರು ಬರ್ತಾರೆ ಅಂತ ಕೇಳುತ್ತೇನೆ. ಯಾರೂ ಇಲ್ಲ ಅಂದರೆ, ದಿನಾಂಕ ತಪ್ಪಿಸಬೇಡಿ, ಸೋದರಳಿಯನದ್ದೋ ನನ್ನದೋ ಫೋನ್ ನಂಬರು ಬರೆದುಕೊಳ್ಳಿ ಅನ್ನುತ್ತೇನೆ.