ಶುಲ್ಕದ ಮಿತಿ, ಪೋಷಕರ ಮಾತು: ದುಬೈ ಖಾಸಗಿ ಶಾಲೆಗಳ ಕುರಿತ ಒಂದು ವಿಚಾರಣೆ

ಯುಎಇಯಲ್ಲಿ ವಲಸಿಗರ ಮಕ್ಕಳ ಶಿಕ್ಷಣ ಕುರಿತ ಬರಹಗಳಲ್ಲಿ ಒಂದು ವಿಷಯಕ್ಕೆ ತಕರಾರಿಲ್ಲ. ಸರ್ಕಾರಿ ಶಾಲೆ ಮುಖ್ಯವಾಗಿ ಅಲ್ಲಿನ ಪ್ರಜೆಗಳಿಗೆ. ಮಂಗಳೂರು, ಉಡುಪಿ, ಭಟ್ಕಳಗಳಿಂದ ಹೋದವರಿಗೆ ಖಾಸಗಿ ಶಾಲೆಯೇ ಗತಿ. ಸಂಶೋಧಕಿ ನತಾಶಾ ರಿಡ್ಜ್ ಮತ್ತು ಸಂಗಡಿಗರು ಯುಎಇ, ಕತಾರ್‌ಗಳ ಸ್ಥಿತಿಯನ್ನು ‘ಸಾರ್ವಜನಿಕ ಆಯ್ಕೆ ಇಲ್ಲದಲ್ಲಿನ ಖಾಸಗಿ ಶಿಕ್ಷಣ’ವೆಂದು ಗುರುತಿಸಿದ್ದು ಸರಿಯೇ. ಆದರೆ ಸರ್ಕಾರದ ದುಡ್ಡಿಲ್ಲದ ಮೇಲೆ ಶಾಲೆಯ ಹಣಕಾಸು ಪೋಷಕರಿಗೂ ಮಾಲೀಕರಿಗೂ ಬಿಟ್ಟ ವ್ಯವಹಾರ ಎಂದು ಇದರಿಂದ ಸಾಮಾನ್ಯವಾಗಿ ಹೊರಡಿಸುವ ತೀರ್ಮಾನ ನಿಲ್ಲುವುದಿಲ್ಲ.

ದುಬೈನಲ್ಲಿ ಶುಲ್ಕ ಏರಿಕೆಯ ಮಿತಿಯನ್ನು ಕಟ್ಟುವುದು ಕೆ.ಎಚ್.ಡಿ.ಎ. ಎಂಬ ಸರ್ಕಾರಿ ಪ್ರಾಧಿಕಾರ. ಶಾಲೆ ನಡೆಸುವ ಖರ್ಚಿನಿಂದ ತೆಗೆದ ಶಿಕ್ಷಣ ವೆಚ್ಚ ಸೂಚ್ಯಂಕವನ್ನು ಅದು ಶಾಲಾ ತಪಾಸಣೆಯ ದರ್ಜೆಗೆ ಜೋಡಿಸಿತು. 2015–16ರಲ್ಲಿ ಸೂಚ್ಯಂಕ ಶೇ. 2.92, ಅತ್ಯುನ್ನತ ದರ್ಜೆಯಾದ ‘ಔಟ್‌ಸ್ಟ್ಯಾಂಡಿಂಗ್’ ಪಡೆದ ಶಾಲೆಗೆ ಅದರ ಇಮ್ಮಡಿ, ಶೇ. 5.84ರವರೆಗೆ ಅವಕಾಶ. 2023–24ರ ಹೊತ್ತಿಗೆ ಲೆಕ್ಕ ತಿರುಗಿತ್ತು. ದರ್ಜೆ ಉಳಿಸಿಕೊಂಡ ಶಾಲೆಗೆ ಶೇ. 3, ಕೆಳಗಿನ ಮೆಟ್ಟಿಲಿನಿಂದ ಮೇಲೆ ಬಂದದ್ದಕ್ಕೆ ಶೇ. 6ರವರೆಗೆ, ಇಳಿದದ್ದಕ್ಕೆ ಏನೂ ಇಲ್ಲ. ಮೊದಲಿನ ನಿಯಮ ಇದ್ದವರಿಗೇ ಕೊಡುತ್ತಿತ್ತು, ಎರಡನೆಯದು ಏರಿದವರಿಗೆ. ಆದರೂ ಶೇಕಡಾವಾರು ಲೆಕ್ಕದ ಗುಣವೇ ಬೇರೆ: 6,000 ದಿರ್ಹಂ ಶುಲ್ಕದ ಶಾಲೆಗೆ ಶೇ. 3 ಎಂದರೆ 180, 60,000ದ್ದಕ್ಕೆ 1,800. ಕಡಿಮೆ ಶುಲ್ಕದ ಭಾರತೀಯ ಪಠ್ಯಕ್ರಮದ ಶಾಲೆ ಶಿಕ್ಷಕರ ಸಂಬಳದ ಏರಿಕೆಯನ್ನು ಈ ಪುಡಿಗಾಸಿನಲ್ಲೇ ಹೊಂದಿಸಬೇಕು.

ಚರ್ಚೆ ಬೇಕಾದದ್ದು ಇಲ್ಲಿ. ಪೂರ್ಣ ತಪಾಸಣೆ ನಡೆಯುತ್ತಿದ್ದಾಗ ಅದರಲ್ಲಿ ಪೋಷಕರ ಸಮೀಕ್ಷೆಯೂ ಸೇರಿತ್ತು. ಹಾಗಾದರೆ ಶಾಲೆಯನ್ನು ಮನಸಾರೆ ಮೆಚ್ಚಿ ಬರೆದ ತಾಯಿ, ತನಗರಿವಿಲ್ಲದೆಯೇ, ಮುಂದಿನ ವರ್ಷದ ಹೆಚ್ಚಿನ ಶುಲ್ಕಕ್ಕೂ ಸಹಿ ಹಾಕಿದಂತಾಗುತ್ತಿರಲಿಲ್ಲವೇ? ಆಗುತ್ತಿತ್ತು ಎಂಬುದು ನನ್ನ ವಾದ. ಆದರೆ ಅದಕ್ಕೆ ಮಿತಿಗಳಿವೆ. ತಪಾಸಕರು ಪಾಠ ನೋಡುತ್ತಿದ್ದರು, ಫಲಿತಾಂಶ ತೂಗುತ್ತಿದ್ದರು. ಸಮೀಕ್ಷೆಯೊಂದೇ ದರ್ಜೆಯನ್ನು ನಿರ್ಧರಿಸುತ್ತಿರಲಿಲ್ಲ. ಒಬ್ಬರ ಉತ್ತರ ನೂರಾರರಲ್ಲಿ ಕರಗುತ್ತಿತ್ತು. ಏರಿದ ಶುಲ್ಕಕ್ಕೆ ಪ್ರತಿಯಾಗಿ ಮಗುವಿಗೆ ಒಳ್ಳೆಯ ಪಾಠ ಸಿಕ್ಕಿರಲೂಬಹುದು. ಇಷ್ಟನ್ನೆಲ್ಲ ಕಳೆದರೂ ಒಂದು ಅಂಶ ಉಳಿಯುತ್ತದೆ: ಗುಣಮಟ್ಟದ ಬಗ್ಗೆ ಕೇಳಿದ ಅಭಿಪ್ರಾಯ, ಶುಲ್ಕಕ್ಕೆ ಒಪ್ಪಿಗೆಯೆಂದು ಕೇಳಿದ್ದಲ್ಲದಿದ್ದರೂ, ಹಣದ ನಿರ್ಧಾರದೊಳಗೆ ಹೋಗುತ್ತಿತ್ತು.

ಊರಿನ ಹೋಲಿಕೆ ಇಲ್ಲಿ ಉಪಯುಕ್ತ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮು ಸರ್ಕಾರಿ, ಅನುದಾನಿತ ಶಾಲೆಗಳ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರಿರಬೇಕೆನ್ನುತ್ತದೆ; 22ನೇ ಕಲಮಿನ ಪ್ರಕಾರ ಸರ್ಕಾರಿ ಶಾಲೆಯ ಸಮಿತಿ ಸಿದ್ಧಪಡಿಸುವ ಶಾಲಾಭಿವೃದ್ಧಿ ಯೋಜನೆಯೇ ಅನುದಾನಕ್ಕೆ ಆಧಾರ. ಕರ್ನಾಟಕದಲ್ಲಿ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಅದಕ್ಕೂ ಮೊದಲೇ, 2001ರಲ್ಲೇ ಬಂತು. ಆಚರಣೆಯಲ್ಲಿ ಅನೇಕ ಕಡೆ ಅದು ಸಹಿ ಪುಸ್ತಕವಾಗಿಯೇ ಉಳಿದಿದೆ ಎಂದು ಒಪ್ಪೋಣ. ಆದರೂ ಪೋಷಕರ ಮಾತು ಹಣದವರೆಗೆ ತಲುಪುವ ದಾರಿ ಕಾನೂನಿನಲ್ಲಿ ಬರೆದಿದೆ. ಖಾಸಗಿ ಅನುದಾನರಹಿತ ಶಾಲೆಗೆ ಈ ಸಮಿತಿಯ ನಿಯಮ ಅನ್ವಯಿಸುವುದಿಲ್ಲ, ಹಾಗಾಗಿ ಹೋಲಿಕೆ ಪೂರ್ತಿ ಸಮಾನವಲ್ಲ.

2024–25ರಲ್ಲಿ ದುಬೈ ಪೂರ್ಣ ತಪಾಸಣೆಗಳನ್ನು ಬಹುಮಟ್ಟಿಗೆ ನಿಲ್ಲಿಸಿತು. 2025–26ಕ್ಕೆ ಸೂಚ್ಯಂಕ ಶೇ. 2.35. ದರ್ಜೆಯ ಕೊಂಡಿ ಸಡಿಲವಾದ ಈ ಅವಧಿಯಲ್ಲಿ ಪೋಷಕರ ಮಾತು ಶುಲ್ಕದಿಂದ ದೂರವಾಯಿತೇ, ಬೇರೆ ದಾರಿಯಿಂದ ಹತ್ತಿರವಾಯಿತೇ ಎಂಬುದನ್ನು ಕಡಿಮೆ ಶುಲ್ಕದ ಶಾಲೆಗಳ ಲೆಕ್ಕಪತ್ರ ಮುಂದಿಟ್ಟುಕೊಂಡೇ ಪರೀಕ್ಷಿಸಬೇಕು. ಬೇರೆ ಪ್ರಾಧಿಕಾರದಡಿ ಇರುವ ಅಬುಧಾಬಿಗೆ ಈ ವಾದ ಒಗ್ಗುತ್ತದೆಯೇ ಎಂಬುದು ಪ್ರತ್ಯೇಕ ಅಧ್ಯಯನದ ವಿಷಯ.